ಕೈ ತುಂಬಿದವರಿಗಾಗಿ ಮಾಡಿದ ಗಾಡಿ

ದೊಡ್ಡ ಗಾಜು ಹೊರಲು ಇಬ್ಬರು ಬೇಕು. ಮುಂದಿನ ತುದಿ ಹಿಡಿದವರು ಮಾತಾಡಬೇಕು, ಹಿಂದಿನ ತುದಿ ಹಿಡಿದವರು ಬಾಯಿ ಮುಚ್ಚಿಕೊಂಡು ನಡೆಯಬೇಕು. ಇಬ್ಬರೂ ಮಾತಾಡಿದರೆ ಗಾಜು ಉಳಿಯುವುದಿಲ್ಲ. ಇದು ಆ ಅಂಗಡಿಯ ನಿಯಮ. ನಿಯಮಕ್ಕೆ ಇನ್ನೊಂದು ಭಾಗವೂ ಇತ್ತು. ಯಾವ ಕೆಲಸ ಒಪ್ಪಿಕೊಳ್ಳಬೇಕು, ಯಾವ ಗಾಜು ತರಿಸಬೇಕು, ಯಾವ ಗಿರಾಕಿಗೆ ಆಗುವುದಿಲ್ಲ ಅನ್ನಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರೂ ಮುಂದಿನ ತುದಿ ಹಿಡಿದವರೇ.

ಮೂವತ್ತೆಂಟು ವರ್ಷದಿಂದ ಆ ತುದಿ ಮಾವನದು. ಹಿಂದಿನ ತುದಿಯನ್ನು ಮೊದಲ ಇಪ್ಪತ್ತೇಳು ವರ್ಷ ಅತ್ತೆ ಹಿಡಿದಿದ್ದರು. ಅವರಿಗೆ ಮಣಿಕಟ್ಟಿನ ನೋವು ಶುರುವಾಗಿ ಗಾಜು ಕತ್ತರಿಸುವ ಮೇಜಿಗೆ ಹೋದ ಮೇಲೆ, ಹನ್ನೊಂದು ವರ್ಷದಿಂದ ಸೊಸೆ ಹಿಡಿಯುತ್ತಿದ್ದಳು. ಅವಳ ಗಂಡ, ಈ ಮನೆಯ ಮಗ, ಈಜು ಕಲಿಸುತ್ತಾನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಗಾಜು ಒಡೆದು ಹಾಕಿದ ಮೇಲೆ ಅವನನ್ನು ಅಂಗಡಿಯ ಹೊಸಿಲು ದಾಟಲು ಬಿಟ್ಟಿಲ್ಲ. ಮನೆಯಲ್ಲಿ ಇವತ್ತಿಗೂ ಅವನ ಕೈಗೆ ಗಾಜಿನ ಲೋಟ ಕೊಡುವುದಿಲ್ಲ.

ಸೊಸೆಗೆ ಮುಂದಿನ ತುದಿ ಬೇಕಿತ್ತು. ಬಾಯಿಬಿಟ್ಟು ಮೂರು ಸಲ ಕೇಳಿದ್ದಳು. ಮೊದಲ ಸಲ ಮಾವ ಕೇಳಿಸದ ಹಾಗೆ ಇದ್ದರು. ಎರಡನೇ ಸಲ, ಮುಂದೆ ನಡೆಯುವವರು ಗಾಜಿನ ಮೇಲಿಂದ ಕಣ್ಣು ತೆಗೆಯಬಾರದು, ದಾರಿಯನ್ನು ಕಾಲಿನಿಂದಲೇ ತಡಕಿಕೊಳ್ಳಬೇಕು, ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು ಎಂದರು. ಹಿಂದೆಯೇ ನಿಂತಿದ್ದರೆ ಅಭ್ಯಾಸ ಆಗುವುದು ಹೇಗೆ ಎಂದು ಅವಳು ಕೇಳಿದಾಗ, ಒರೆಸಿ ಇಟ್ಟಿದ್ದ ಗಾಜನ್ನೇ ಮತ್ತೆ ಒರೆಸತೊಡಗಿದರು. ಮೂರನೇ ಸಲ ಕೇಳಿದ್ದು ಪಿಕಪ್ ಬಂದ ಭಾನುವಾರ.

ಹಳೆಯ ವ್ಯಾನಿನ ತಳ ತುಕ್ಕು ಹಿಡಿದು, ಒಳಗೆ ಕೂತರೆ ರಸ್ತೆ ಕಾಣುವಂತಾಗಿತ್ತು. ಮಾವ ಅಂಥದ್ದೇ ಇನ್ನೊಂದು ಹಳೆಯ ವ್ಯಾನು ಹುಡುಕುತ್ತಿದ್ದಾಗ ಸೊಸೆ ಶೋರೂಮಿಗೆ ಹೋಗಿ, ಹೊಸ ಪಿಕಪ್ ಒಂದನ್ನು ಏಳು ದಿನದ ಪರೀಕ್ಷೆಗೆಂದು ತಂದಳು. ಇಷ್ಟವಾದರೆ ಇಟ್ಟುಕೊಳ್ಳುವುದು, ಆಗದಿದ್ದರೆ ಶನಿವಾರ ಸಂಜೆ ಐದಕ್ಕೆ ವಾಪಸ್ಸು. ಮಾವ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು. ಟೈರು ಒದೆಯಲಿಲ್ಲ. ಮೆಚ್ಚಿದ ಗಾಡಿಯ ಟೈರನ್ನು ಮಾತ್ರ ಅವರು ಒದೆಯುವುದು.

"ಈ ಏಳು ದಿನದಲ್ಲಿ ಒಂದೇ ಒಂದು ಗಾಜು ಒಡೆದರೂ ಗಾಡಿ ವಾಪಸ್ಸು," ಎಂದರು. "ಮುಂದಿನ ತುದಿ ಅಂತ ನೀನು ಮತ್ತೆ ಬಾಯಿ ತೆಗೀಬಾರದು."

"ಒಡೀದಿದ್ರೆ?"

"ಒಡೀದಿದ್ರೆ ನೋಡೋಣ."

ಕತ್ತರಿಸುವ ಮೇಜಿನ ಹಿಂದಿನಿಂದ ಅತ್ತೆ, "ಇವರು ಮದುವೆಯಾದಾಗಿನಿಂದ ನೋಡ್ತಾನೇ ಇದಾರೆ," ಎಂದರು. ಸೊಸೆ ಒಪ್ಪಿಕೊಂಡಳು. ಗಾಡಿಯ ಕೀಯನ್ನು ಮಾವ ತೆಗೆದುಕೊಂಡು ತಮ್ಮ ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಅಂಗಡಿಯ ಬೀಗದ ಕೈ ಇರುವುದೂ ಆ ಜೇಬಿನಲ್ಲೇ.

ಶೋರೂಮಿನ ಮ್ಯಾನೇಜರು ಗಾಡಿ ಒಪ್ಪಿಸುವಾಗ ಇಪ್ಪತ್ತಮೂರು ಅನುಕೂಲಗಳಿರುವ ಪಟ್ಟಿಯನ್ನೂ ಕೊಟ್ಟಿದ್ದರು. ಐವತ್ತು ದಾಟಿದ, ಇಸ್ತ್ರಿ ಕೆಡದ ಅಂಗಿಯ ಮನುಷ್ಯ. ಗಾಡಿಯ ಬಗ್ಗೆ ಮಾತಾಡುವಾಗ ಮನೆಯ ಅಳಿಯನನ್ನು ಹೊಗಳುವ ಧಾಟಿ. ಸೋಮವಾರ ಸಂಜೆಯೊಳಗೆ ಆ ಇಪ್ಪತ್ತಮೂರರಲ್ಲಿ ನಾಲ್ಕು ಅನುಕೂಲಗಳ ಪರಿಚಯವಾಯಿತು.

ಮೊದಲನೆಯದು ಮೆಟ್ಟಿಲು. ಬಾಗಿಲು ತೆರೆದ ಕೂಡಲೇ ಗಾಡಿಯ ಕೆಳಗಿನಿಂದ ಒಂದು ಮೆಟ್ಟಿಲು ತಾನಾಗಿ ಹೊರಗೆ ಬರುತ್ತದೆ. ಹತ್ತಲು ನಿಂತವರ ಮೊಣಕಾಲಿನ ಕೆಳಗಿನ ಮೂಳೆ ಎಲ್ಲಿರುತ್ತದೋ ಸರಿಯಾಗಿ ಅಲ್ಲಿಗೇ ಬರುತ್ತದೆ. ಮಾವನಿಗೆ ಒಂದೇ ದಿನ ಮೂರು ಸಲ ಬಡಿಯಿತು. ಸೊಸೆ ಎರಡನೇ ಸಲಕ್ಕೇ ಬಾಗಿಲು ತೆರೆದು ಹಿಂದಕ್ಕೆ ಹಾರುವುದನ್ನು ಕಲಿತಳು. ದೂರದಿಂದ ನೋಡಿದರೆ ಗಾಡಿಯೊಳಗೆ ಹಾವು ಕಂಡವರ ಹಾಗೆ ಕಾಣುತ್ತಿತ್ತು.

ಎರಡನೆಯದು ತಿರುಗುಗುಂಡಿಗಳು. ಗೇರಿಗೆ ಒಂದು, ರೇಡಿಯೊದ ಸದ್ದಿಗೆ ಒಂದು. ಎರಡೂ ಒಂದೇ ಗಾತ್ರ, ಒಂದೇ ಬಣ್ಣ, ಪಕ್ಕಪಕ್ಕದಲ್ಲೇ. ನಾಲ್ಕು ರಸ್ತೆ ಕೂಡುವಲ್ಲಿ ಮಾವ ವಾರ್ತೆಯ ಸದ್ದು ತಗ್ಗಿಸಲು ಹೋಗಿ ಗಾಡಿಯನ್ನು ನ್ಯೂಟ್ರಲ್ಲಿಗೆ ತಂದರು. ವಾರ್ತೆ ನಿಲ್ಲಲಿಲ್ಲ, ಗಾಡಿ ನಿಂತಿತು. ಹಿಂದಿನ ಬಸ್ಸಿನ ಡ್ರೈವರು ಇಳಿದು ಬಂದು ಆಡಿದ ಮಾತನ್ನು ಮಾವ ಮನೆಯಲ್ಲಿ ಪೂರ್ತಿ ಹೇಳಲಿಲ್ಲ.

ಮೂರನೆಯದು ವೈಪರು. ಮುಂದಿನ ಗಾಜು ಒದ್ದೆಯಾದರೆ ಅದಕ್ಕೆ ತಾನಾಗಿ ತಿಳಿಯುತ್ತದೆ. ಆದರೆ ಈ ಮನೆಯವರಿಗೆ ಒರೆಸದ ಗಾಜು ಕಂಡರೆ ಆಗುವುದಿಲ್ಲ, ಯಾರ ಮನೆಯ ಕಿಟಕಿಯಾದರೂ ಸರಿ ಕೈ ತುರಿಸುತ್ತದೆ. ಮಾವ ಸಾಬೂನು ನೀರು ಹೊಡೆದು ಬಟ್ಟೆ ಇಟ್ಟರು, ವೈಪರು ಬಂದು ಅವರ ಬೆರಳಿನ ಗೆಣ್ಣಿಗೆ ಹೊಡೆಯಿತು. ಮಾವನೂ ಅದಕ್ಕೆ ಒಂದು ಹೊಡೆದರು. ಅದು ಇನ್ನೊಂದು ಹೊಡೆಯಿತು.

ನಾಲ್ಕನೆಯದು ಹಿಂದಿನ ಸೀಟಿನ ಕಾಳಜಿ. ಗಾಜಿನ ಅಂಚಿಗೆ ಮೆತ್ತುವ ಪುಟ್ಟಿಯ ಹತ್ತು ಕಿಲೋ ಡಬ್ಬಿಯನ್ನು ಸೀಟಿನ ಮೇಲೆ ಇಟ್ಟರೆ, ಪ್ರಯಾಣಿಕರು ಬೆಲ್ಟ್ ಹಾಕಿಲ್ಲ ಎಂದು ಗಾಡಿ ದಾರಿಯುದ್ದಕ್ಕೂ ಹೇಳುತ್ತಿತ್ತು. ಕೊನೆಗೆ ಡಬ್ಬಿಗೆ ಬೆಲ್ಟ್ ಹಾಕಿದರು. ಆಮೇಲೆ ಅತ್ತೆ ದಿನಾ ಸಂಜೆ, ಪ್ರಯಾಣಿಕರು ಕ್ಷೇಮವಾಗಿ ಬಂದರೋ ಎಂದು ವಿಚಾರಿಸುತ್ತಿದ್ದರು.

ಇಷ್ಟು ನಕ್ಕು ಮರೆಯುವಂಥದ್ದು. ಐದನೆಯದು ಹಾಗಿರಲಿಲ್ಲ.

ಪಿಕಪ್ಪಿನ ಹಿಂಬಾಗಿಲು ಮೋಟಾರಿನಿಂದ ನಡೆಯುತ್ತಿತ್ತು. ಇಳಿದರೆ ಹಲಗೆಯ ಹಾಗೆ ಅಡ್ಡಕ್ಕೆ ನಿಲ್ಲುತ್ತದೆ, ಎದ್ದರೆ ಮುಚ್ಚಿಕೊಳ್ಳುತ್ತದೆ. ಗಾಜು ಹೇರುವಾಗ ಅದು ಇಳಿದೇ ಇರಬೇಕು. ಮುಂದಿನವರು ಗಾಜಿನ ಅಂಚನ್ನು ಆ ಹಲಗೆಯ ಮೇಲಿಟ್ಟು ಪಕ್ಕಕ್ಕೆ ಸರಿದರೆ, ಹಿಂದಿನವರು ಒಳಗಿರುವ ಮರದ ಚೌಕಟ್ಟಿಗೆ ತಳ್ಳುತ್ತಾರೆ. ಮಂಗಳವಾರ ಇಬ್ಬರೂ ಬೀರುವಿನ ಕನ್ನಡಿಯೊಂದನ್ನು ಹೊತ್ತು ತಂದು ಇನ್ನೇನು ಹಲಗೆಯ ಮೇಲೆ ಇಡಬೇಕು, ಅಷ್ಟರಲ್ಲಿ ಹಿಂಬಾಗಿಲು ತಾನಾಗಿ ಮೇಲೇಳತೊಡಗಿತು. ಮಾವ ನಿಲ್ಲು ಎಂದರು, ಸೊಸೆ ನಿಂತಳು. ಕನ್ನಡಿಗೂ ಬಾಗಿಲಿಗೂ ನಡುವೆ ನಾಲ್ಕು ಬೆರಳು ಉಳಿದಿತ್ತು.

ಬುಧವಾರ ಬಚ್ಚಲುಮನೆಗೆ ಹಾಕುವ ಹಾಲುಬಣ್ಣದ ಗಾಜು ಹೇರುವಾಗಲೂ ಅದೇ ಕತೆ. ಕೀ ಹತ್ತಿರವಿರುವುದರಿಂದಲೇ ಹೀಗಾಗುತ್ತಿರಬೇಕು ಎಂದು ಮಾವ ಕೀಯನ್ನು ಮನೆಯಲ್ಲಿಟ್ಟು ಬಂದರು. ಕೀ ಹದಿನೈದು ಮೀಟರಿಗಿಂತ ದೂರ ಹೋದರೆ, ಯಜಮಾನರು ಮರೆತು ಹೋದರು ಎಂದುಕೊಂಡು ಗಾಡಿ ಎಲ್ಲ ಬಾಗಿಲುಗಳನ್ನೂ ಮುಚ್ಚಿ ಬೀಗ ಹಾಕಿಕೊಳ್ಳುತ್ತದೆ. ಪಟ್ಟಿಯಲ್ಲಿ ಅದು ಹದಿನಾಲ್ಕನೇ ಅನುಕೂಲ. ಕೀಯನ್ನು ಮತ್ತೆ ಜೇಬಿಗೆ ಹಾಕಿಕೊಳ್ಳಬೇಕಾಯಿತು.

ಆ ಸಂಜೆ ಸೊಸೆ ಎರಡು ಪರೀಕ್ಷೆ ಮಾಡಿದಳು. ಹಲಗೆಯ ಮೇಲೆ ಮರದ ಪೆಟ್ಟಿಗೆ ಇಟ್ಟು ಡ್ರೈವರ್ ಸೀಟಿನ ಗುಂಡಿ ಒತ್ತಿದಳು. ಬಾಗಿಲು ಎರಡು ಇಂಚು ಎದ್ದು, ಅಡ್ಡ ಏನೋ ಇದೆ ಎಂದು ಗೊತ್ತು ಮಾಡಿಕೊಂಡು, ಕೀಂ ಎಂದು ನಿಂತಿತು. ಆಮೇಲೆ ಕಸದ ಪೆಟ್ಟಿಗೆಯಿಂದ ಗಾಜಿನ ತುಂಡೊಂದನ್ನು ತಂದು, ಅಭ್ಯಾಸಬಲದಿಂದ ಚೆನ್ನಾಗಿ ಒರೆಸಿ, ಹಲಗೆಗೂ ಗಾಡಿಗೂ ಅಡ್ಡಲಾಗಿ ನಿಲ್ಲಿಸಿ ಗುಂಡಿ ಒತ್ತಿದಳು. ಬಾಗಿಲು ನಿಲ್ಲಲೇ ಇಲ್ಲ. ಅಡ್ಡ ಇರುವುದನ್ನು ಅದು ಬೆಳಕಿನಿಂದ ಗುರುತಿಸುತ್ತದೆ, ಬೆಳಕು ಗಾಜಿನ ಮೂಲಕ ಆಚೆ ಹೋಗುತ್ತದೆ. ಗಾಜಿನ ತುಂಡು ಪುಡಿಪುಡಿಯಾಯಿತು.

ಸದ್ದು ಕೇಳಿ ಮಾವ ಹೊರಗೆ ಬಂದು, ಗಾಜು ಒಡೆಯಿತಲ್ಲ, ಮಾತು ಮುಗಿಯಿತಲ್ಲ ಎಂದರು. ಅದು ಕಸದ ಗಾಜು ಎಂದು ಸೊಸೆ ವಾದಿಸಿದಳು. ಕಸದ್ದಾದರೇನು ಗಾಜು ಗಾಜೇ ಎಂದರು ಮಾವ. ಜಗಳ ಅತ್ತೆಯ ಮೇಜಿಗೆ ಬಂತು. ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡು, ಗಿರಾಕಿಯ ಅಳತೆ ಇದ್ದರೆ ಅದು ಗಾಜು, ಇಲ್ಲದಿದ್ದರೆ ಚೂರು ಎಂದು ತೀರ್ಪು ಕೊಟ್ಟರು. ಮಾವ ಗೊಣಗಿದರೂ ಒಪ್ಪಿದರು. ಅಂಗಡಿಯಲ್ಲಿ ಅಳತೆಯ ವಿಷಯಕ್ಕೆ ಅತ್ತೆಯ ಮಾತೇ ಕೊನೆ.

ಗುರುವಾರ ಗಾಡಿಯನ್ನು ಶೋರೂಮಿಗೆ ಒಯ್ದರು. ಮ್ಯಾನೇಜರು ಕೀಯನ್ನು ಕೈಯಲ್ಲಿ ಹಿಡಿದು, ಬಂಪರಿನ ಕೆಳಗೆ ಗಾಳಿಯಲ್ಲಿ ಕಾಲು ಬೀಸಿದರು. ಹಳದಿ ದೀಪ ಎರಡು ಸಲ ಮಿನುಗಿ ಬಾಗಿಲು ಇಳಿಯಿತು. ಮತ್ತೆ ಬೀಸಿದರು, ಎದ್ದಿತು. ಹೀಗೆ ಹತ್ತು ಸಲ ಮಾಡಿದರು, ಹತ್ತೂ ಸಲ ಸರಿಯಾಗಿತ್ತು. ಎರಡೂ ಕೈಯಲ್ಲಿ ಸಾಮಾನಿರುವಾಗ ಬಾಗಿಲು ತೆಗೆಯುವುದು ಹೇಗೆ ಎಂದು ನಮ್ಮ ಎಂಜಿನಿಯರುಗಳು ಮೂರು ವರ್ಷ ಯೋಚಿಸಿದರು, ಇದು ಕೈ ತುಂಬಿದವರಿಗಾಗಿಯೇ ಮಾಡಿದ ಗಾಡಿ ಎಂದರು. ಮಾವ ಬರಿಗೈಯಲ್ಲಿ ಹಿಂಬಾಗಿಲಿನ ತನಕ ನಡೆದು ತೋರಿಸಿದರು. ಏನೂ ಆಗಲಿಲ್ಲ. ದೋಷ ಕಂಡುಬಂದಿಲ್ಲ ಎಂದು ಬರೆದು, ಮೊಹರು ಹಾಕಿ, ಗಾಡಿಯನ್ನು ವಾಪಸ್ಸು ಕಳಿಸಿದರು. ದಾರಿಯಲ್ಲಿ ಮಾವ, ಗಾಡಿಗೆ ಜನ ನೋಡಿ ನಾಟಕ ಆಡುವ ಚಾಳಿ ಇದೆ ಎಂದರು.

ಸೊಸೆಯ ಚಿಂತೆ ಶನಿವಾರದ್ದು. ಬೇಕರಿಯೊಂದರ ಮುಂಭಾಗದ ಗಾಜು ಅಂದು ಹೋಗಬೇಕಿತ್ತು. ಏಳು ಅಡಿ ನಾಲ್ಕು ಇಂಚು ಉದ್ದ, ಐದು ಅಡಿ ಅಗಲ, ಎಂಟು ಮಿಲಿಮೀಟರ್ ದಪ್ಪ, ಅರವತ್ತೆಂಟು ಕಿಲೋ. ಟಫನ್ಡ್ ಗಾಜು, ಅಂದರೆ ಅಳತೆಗೆ ಕತ್ತರಿಸಿದ ಮೇಲೆ ಕಾಯಿಸಿ ಗಟ್ಟಿ ಮಾಡಿದ್ದು. ಅದರ ನಡುಮಧ್ಯೆ ಗುದ್ದಿದರೂ ತಡೆಯುತ್ತದೆ, ಮೂಲೆಗೆ ಸಣ್ಣ ಪೆಟ್ಟು ಬಿದ್ದರೆ ಇಡೀ ಗಾಜು ಕಲ್ಲುಸಕ್ಕರೆಯಾಗಿ ಸುರಿಯುತ್ತದೆ. ಕಾರ್ಖಾನೆಯಿಂದ ಬರಲು ಮೂರು ವಾರ ಹಿಡಿದಿತ್ತು. ಆ ಮೂರು ವಾರವೂ ಬೇಕರಿಯಾಕೆ ಪ್ಲೈವುಡ್ ಹಲಗೆಯ ಹಿಂದೆ, ಹಗಲಿನಲ್ಲೇ ದೀಪ ಹಾಕಿಕೊಂಡು ಬ್ರೆಡ್ ಮಾರುತ್ತಿದ್ದರು.

ಬಾಗಿಲು ಯಾಕೆ ಏಳುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಶುಕ್ರವಾರ ಬೆಳಿಗ್ಗೆ. ಅವತ್ತು ಹೊತ್ತದ್ದು ಕನ್ನಡಿಯೂ ಅಲ್ಲ, ಹಾಲುಗಾಜೂ ಅಲ್ಲ, ಸಾಧಾರಣ ಕಿಟಕಿಯ ಗಾಜು. ಸೊಸೆಯೇ ಒರೆಸಿದ್ದು, ಇದೆಯೋ ಇಲ್ಲವೋ ಅನ್ನುವಷ್ಟು ಸ್ವಚ್ಛ. ಹಿಂದಿನ ತುದಿಯಲ್ಲಿ ನಡೆಯುತ್ತಿದ್ದವಳಿಗೆ ಅದರ ಮೂಲಕ ಮಾವನ ಬೂಟು ಕಾಣುತ್ತಿತ್ತು. ಗಾಡಿ ಒಂದು ಹೆಜ್ಜೆ ದೂರವಿದೆ ಅನ್ನುವಾಗ ಬಲಗಾಲಿನ ಬೂಟು ನೆಲ ಬಿಟ್ಟು ಮುಂದೆ ಹೋಯಿತು, ಬಂಪರಿನ ಕೆಳಗೆ ಎಡದಿಂದ ಬಲಕ್ಕೆ ಒಂದು ಸಲ ತಡಕಾಡಿ ಹಿಂದೆ ಬಂತು. ಹಳದಿ ದೀಪ ಎರಡು ಸಲ ಮಿನುಗಿತು. ಬಾಗಿಲು ಏಳತೊಡಗಿತು.

ನಿಲ್ಲಿಸಿ, ಹಿಂದೆ ಸರಿದು, ಗಾಜನ್ನು ಮೇಜಿಗೆ ಒರಗಿಸಿದ ಮೇಲೆ ಸೊಸೆ ಬಾಯಿಬಿಟ್ಟಳು.

"ಮಾವ, ಬಾಗಿಲು ಹಾಕ್ತಾ ಇರೋದು ನೀವೇ."

"ನಾನಾ? ನನ್ನ ಎರಡು ಕೈಯೂ ಗಾಜಿನ ಮೇಲಿತ್ತಲ್ಲಮ್ಮ."

"ಕಾಲು?"

ಮಾವ ತಮ್ಮ ಬಲಗಾಲನ್ನು, ಹೇಳದೆ ಕೇಳದೆ ಮನೆಗೆ ಬಂದು ಕೂತ ನೆಂಟನನ್ನು ನೋಡುವ ಹಾಗೆ ನೋಡಿದರು.

ಸೊಸೆ ಮ್ಯಾನೇಜರಿಗೆ ಫೋನು ಮಾಡಿ, ಕಾಲಿನ ಅನುಕೂಲವನ್ನು ನಿಲ್ಲಿಸುವುದು ಹೇಗೆ ಎಂದು ಕೇಳಿದಳು. ನಿಲ್ಲಿಸಬಹುದು, ಪರದೆಯ ಮೇಲೆ ಏಳು ಪುಟ ದಾಟಿ ಹೋದರೆ ಸಿಗುತ್ತದೆ ಎಂದರು. ಆದರೆ ಎಂಜಿನ್ ಆಫ್ ಆದ ಕೂಡಲೇ ಅದು ತಾನಾಗಿ ಮರಳಿ ಬರುತ್ತದೆ, ಗಿರಾಕಿಗಳು ಅನುಕೂಲ ಕಳೆದುಕೊಳ್ಳಬಾರದಲ್ಲ. ಎಂಜಿನ್ ಆನ್ ಇಟ್ಟುಕೊಂಡೇ ಹೇರಬಹುದೇ ಎಂದಳು. ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲದಿದ್ದರೆ ಒಂದು ನಿಮಿಷಕ್ಕೆ ಎಂಜಿನ್ ತಾನಾಗಿ ಆಫ್ ಆಗುತ್ತದೆ, ಅದು ಒಂಬತ್ತನೇ ಅನುಕೂಲ ಎಂದರು. ಅತ್ತೆಯನ್ನು ಸೀಟಿನಲ್ಲಿ ಕೂರಿಸುವ ಯೋಚನೆಯೂ ಬಂತು. ಮೆಟ್ಟಿಲು ಬಡಿಯುವ ಗಾಡಿಗೆ ಹತ್ತುವುದಿಲ್ಲ ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದರು. ಗಾಜಿಗೆ ಕಾಗದ ಅಂಟಿಸಿದರೆ ಗಾಡಿಗೆ ಕಾಣುತ್ತದಲ್ಲ ಎಂದು ಅವರೇ ಇನ್ನೊಂದು ಉಪಾಯ ಹೇಳಿದರು. ಕಂಡರೂ ಎರಡು ಇಂಚು ಎದ್ದೇ ನಿಲ್ಲುವುದು. ಟಫನ್ಡ್ ಗಾಜಿನ ಮೂಲೆಗೆ ಎರಡು ಇಂಚು ಧಾರಾಳ.

ಉಳಿದದ್ದು ಮಾವನ ಕಾಲು. ಅದನ್ನು ಬೀಸದೆ ನಡೆದರೆ ಆಯಿತು ಎಂದು ಅವರೇ ಹೇಳಿದರು, ಅದೇನು ಮಹಾ ಎಂಬ ಧಾಟಿಯಲ್ಲಿ. ಶುಕ್ರವಾರ ಮಧ್ಯಾಹ್ನ ಬೇಕರಿ ಗಾಜಿನ ಅಳತೆಗೆ ಸರಿಯಾದ ಪ್ಲೈವುಡ್ ಹಲಗೆ ಹಿಡಿದು ಇಬ್ಬರೂ ಅಂಗಳದಲ್ಲಿ ಅಭ್ಯಾಸಕ್ಕೆ ನಿಂತರು. ಅತ್ತೆ ಸ್ಟೂಲು ಹಾಕಿಕೊಂಡು, ಅಳತೆ ಬರೆಯುವ ಸೀಮೆಸುಣ್ಣದಿಂದ ಗೋಡೆಯ ಮೇಲೆ ಗೀಟು ಎಳೆಯುತ್ತ ಕೂತರು. ಹದಿನಾಲ್ಕು ಸಲ ನಡೆದರು, ಹನ್ನೆರಡು ಸಲ ಕಾಲು ಹೋಯಿತು. ಹೋಗದ ಎರಡರಲ್ಲಿ ಒಂದು ಸಲ ಮಾವ ದಾರಿಯಲ್ಲಿ ಎಡವಿದ್ದರು, ಇನ್ನೊಂದು ಸಲ ನಡುವೆ ನಿಂತು ಗಾಡಿಯನ್ನು ಬೈದಿದ್ದರು.

ಬೇಕೆಂದು ಮಾಡುತ್ತಿರಲಿಲ್ಲ, ಪಾಪ. ಭಾರವಾದ ಗಾಜು ಹಿಡಿದು, ಕಣ್ಣನ್ನು ಗಾಜಿನ ಮೇಲಿಟ್ಟು ನಡೆಯುವವನು ಅದನ್ನು ಕೆಳಗಿಳಿಸುವ ಮುಂಚೆ ಮುಂದೆ ಏನಿದೆ ಎಂದು ಕಾಲಿನಿಂದ ಮುಟ್ಟಿ ನೋಡುತ್ತಾನೆ. ಮೂವತ್ತೆಂಟು ವರ್ಷ ಮುಟ್ಟಿ ನೋಡಿದ ಕಾಲು ಯಜಮಾನನ ಅಪ್ಪಣೆಗೆ ಕಾಯುವುದಿಲ್ಲ. ಹತ್ತನೇ ಸಲ ಅತ್ತೆ, ಬೂಟಿನ ದಾರವನ್ನು ಇನ್ನೊಂದು ಬೂಟಿಗೆ ಕಟ್ಟಿಬಿಡಲೇ ಎಂದು ಕೇಳಿದರು. ಮಾವ ನಗಲಿಲ್ಲ. ಬೇಕಾದರೆ ಬೇಕರಿಯ ಗಾಜಿಗೆ ಬಾಡಿಗೆ ವ್ಯಾನು ಕರೆಸುತ್ತೇನೆ, ಆದರೆ ಗಾಡಿಯಿಂದ ಆಗಲಿಲ್ಲ ಎಂದು ನೀನು ಒಪ್ಪಿಕೊಂಡ ಹಾಗಾಗುತ್ತದೆ ಎಂದು ಸೊಸೆಗೆ ಹೇಳಿದರು. ಅವಳು ಬೇಡ ಎಂದಳು.

ಶನಿವಾರ ಮಧ್ಯಾಹ್ನ ಎರಡು ಗಂಟೆ. ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಕೆಗಳನ್ನು ಒತ್ತಿ, ಎಳೆದು ನೋಡಿ, ಇಬ್ಬರೂ ಬೇಕರಿಯ ಗಾಜನ್ನು ಎತ್ತಿದರು. ಮಾವ ಮುಂದೆ, ಸೊಸೆ ಹಿಂದೆ. ಮೇಜಿನಿಂದ ಗಾಡಿಗೆ ಹದಿನೈದು ಹೆಜ್ಜೆ. ಮಾವ ಎಂದಿನಂತೆ ಹೇಳುತ್ತ ನಡೆದರು: ಎಡಕ್ಕೆ, ನೇರ, ಸಣ್ಣ ಹೆಜ್ಜೆ. ಹನ್ನೆರಡನೇ ಹೆಜ್ಜೆಯಿಂದ ಅವರ ದನಿ ತಗ್ಗಿತು. ಹದಿಮೂರನೆಯದಕ್ಕೆ ನಿಂತೇಹೋಯಿತು. ಗಾಜಿನ ಮೂಲಕ ನೋಡುತ್ತಿದ್ದ ಸೊಸೆಗೆ ಬಲಗಾಲಿನ ಹಿಮ್ಮಡಿ ನೆಲದಿಂದ ಏಳುವುದು ಕಂಡಿತು.

"ನಿಲ್ಲಿ ಮಾವ."

ಹನ್ನೊಂದು ವರ್ಷದಲ್ಲಿ ಹಿಂದಿನ ತುದಿಯಿಂದ ಬಂದ ಮೊದಲ ಮಾತು ಅದು. ಮಾವ ನಿಂತರು, ಒಂಟಿ ಕಾಲಿನಲ್ಲಿ.

"ಕಾಲು ಕೆಳಗಿಡಿ."

"ಅದು ಹೋಗ್ತಾ ಇದೆ ಕಣಮ್ಮ," ಎಂದರು ಮಾವ, ಸಣ್ಣ ದನಿಯಲ್ಲಿ.

"ಹಿಂದಕ್ಕೆ ಇಡಿ. ನಾನು ಹಿಡ್ಕೊಂಡಿದೀನಿ."

ಕಾಲು ಗಾಳಿಯಲ್ಲಿ ಒಂದು ಕ್ಷಣ ಯೋಚಿಸಿತು. ಆಮೇಲೆ ಹಿಂದಕ್ಕೆ ಬಂದು ನೆಲ ಮುಟ್ಟಿತು. ಹೆಜ್ಜೆ ಹೆಜ್ಜೆಯಾಗಿ ಹಿಂದೆ ನಡೆದು ಗಾಜನ್ನು ಮೇಜಿಗೆ ಒರಗಿಸಿದರು. ಅತ್ತೆ ಗಾಜು ಕತ್ತರಿಸುವುದನ್ನು ನಿಲ್ಲಿಸಿದ್ದರು. ಮಾವ ಬಟ್ಟೆಯಿಂದ ಕೈ ಒರೆಸಿಕೊಂಡರು, ಬೆವರಿಲ್ಲದ ಕಡೆಯೂ ಒರೆಸಿಕೊಂಡರು. ಹಿಂಬಾಗಿಲನ್ನು ನೋಡಿದರು, ಬೂಟನ್ನು ನೋಡಿದರು.

"ಈ ಕಡೆ ಬಾ," ಎಂದರು.

ಬರೀ ಬಾ ಎಂದಿದ್ದರೆ ಎರಡು ನಿಮಿಷದ ಕೆಲಸ. ಮುಂದಿನ ತುದಿಯನ್ನು ಹೇಗೆ ಹಿಡಿಯಬೇಕು, ಭಾರ ಯಾವ ಭುಜಕ್ಕೆ ಬರಬೇಕು, ಎಲ್ಲಿ ಉಸಿರು ಬಿಡಬೇಕು ಎಂದು ಕಾಲು ಗಂಟೆ ಹೇಳಿದರು. ಸೊಸೆ ಎಲ್ಲದಕ್ಕೂ ತಲೆಯಾಡಿಸಿದಳು. ಅವರಿಗೆ ಗೊತ್ತಿಲ್ಲದ ಒಂದು ವಿಷಯ ಅವಳಿಗೆ ಗೊತ್ತಿತ್ತು. ಹಿಂದಿನ ತುದಿಯವರಿಗೆ ದಾರಿ ತಡಕುವ ಕೆಲಸವಿಲ್ಲ, ಆದ್ದರಿಂದ ಅವಳ ಕಾಲಿಗೆ ಆ ಅಭ್ಯಾಸವೇ ಇರಲಿಲ್ಲ. ಬಾಯಿ ಮುಚ್ಚಿಕೊಂಡು ನಡೆಯುವವರು ಹೆಜ್ಜೆ ಎಣಿಸುತ್ತಾರೆ. ಅವಳು ಹನ್ನೊಂದು ವರ್ಷ ಎಣಿಸಿದ್ದಳು.

ಮತ್ತೆ ಎತ್ತಿದರು. ಸೊಸೆ ಮುಂದೆ. ಹೇಳುವ ದನಿಯೂ ಅವಳದೇ. ಎಡಕ್ಕೆ. ನೇರ. ಸಣ್ಣ ಹೆಜ್ಜೆ. ಹದಿನಾಲ್ಕು ಎಣಿಸಿ, ಎರಡು ಪಾದವನ್ನೂ ಜೋಡಿಸಿ ನೆಲದ ಮೇಲಿಟ್ಟು ನಿಂತಳು. ದೀಪ ಮಿನುಗಲಿಲ್ಲ. ಅರ್ಧ ಹೆಜ್ಜೆ ಮುಂದೆ ಹೋಗಿ ಅಂಚನ್ನು ಹಲಗೆಯ ಮೇಲೆ ಇಳಿಸಿ ಪಕ್ಕಕ್ಕೆ ಸರಿದಳು. ತಳ್ಳಿ ಎಂದಳು. ಮಾವ ತಳ್ಳಿದರು. ಭಾರ ಗಾಡಿಗೆ ಇಳಿದ ಮೇಲೆ ಅವರ ಕಾಲಿಗೂ ಹುಡುಕುವಂಥದ್ದೇನೂ ಉಳಿದಿರಲಿಲ್ಲ, ಸುಮ್ಮನಿತ್ತು. ಗಾಜು ಚೌಕಟ್ಟಿನೊಳಗೆ ಹೋಗಿ ಕೂತಿತು.

ಹೇರುವಾಗ ಮಾತಾಡಿದವರೇ ಗಾಜು ಜಾಗ ಸೇರುವ ತನಕ ಮಾತಾಡಬೇಕು. ಹೀಗಾಗಿ ಬೇಕರಿಯಲ್ಲೂ ಸೊಸೆಯದೇ ಮಾತು. ಮೈಗೆಲ್ಲ ಹಿಟ್ಟು ಬಳಿದುಕೊಂಡಿದ್ದ ಬೇಕರಿಯಾಕೆ, ಮೊದಲು ಪ್ಲೈವುಡ್ ತೆಗೆಯಬೇಕೋ ಬೇಡವೋ ಎಂದು ಮಾವನನ್ನು ಕೇಳಿದರು. ಮಾವ ಗದ್ದ ಎತ್ತಿ ಸೊಸೆಯ ಕಡೆ ತೋರಿಸಿದರು. ಬೇಕರಿಯಾಕೆ ಇಬ್ಬರ ಮುಖವನ್ನೂ ನೋಡಿ ಪ್ರಶ್ನೆಯನ್ನು ಮೊದಲಿನಿಂದ ಕೇಳಿದರು. ಗಾಜನ್ನು ಚೌಕಟ್ಟಿಗೆ ಕೂರಿಸುವ ಮುಂಚೆ ಸೊಸೆ ನಿಲ್ಲಿಸಿದಳು, ಕೆಳಗೆ ಇರಬೇಕಾದ ಎರಡು ರಬ್ಬರ್ ತುಂಡುಗಳಲ್ಲಿ ಒಂದು ಸರಿದಿತ್ತು. ಅಷ್ಟಕ್ಕೆ ಏನೂ ಆಗಲ್ಲ ಎಂದು ಹೇಳಬೇಕೆಂದು ಮಾವನ ತುಟಿ ಎರಡು ಸಲ ಬಿಚ್ಚಿ ಮುಚ್ಚಿತು. ಬೇಕರಿಯಾಕೆಯನ್ನು ಕರೆದು ತುಂಡನ್ನು ಸರಿಮಾಡಿಸಿ ಗಾಜು ಕೂರಿಸಿದರು. ನಾಲ್ಕು ಮೂಲೆಯೂ ಅಳತೆಗೆ ಹೋಯಿತು. ಮೂರು ವಾರದ ನಂತರ ಬೀದಿಯ ಬೆಳಕು ಒಳಗೆ ಬಂದಾಗ, ಕಪಾಟಿನ ಮೇಲಿನ ಧೂಳು ನೋಡಿ ಬೇಕರಿಯಾಕೆ ನಾಚಿಕೊಂಡರು.

ಅಂಗಡಿಗೆ ಮರಳಿ ಗಾಡಿ ನಿಲ್ಲಿಸಿದಾಗ ಐದಕ್ಕೆ ಹತ್ತು ನಿಮಿಷ. ಏಳು ದಿನ ಮುಗಿದಿತ್ತು, ಗಿರಾಕಿಯ ಅಳತೆಯ ಒಂದು ಗಾಜೂ ಒಡೆದಿರಲಿಲ್ಲ. ಸರಿಯಾಗಿ ಐದಕ್ಕೆ ಮ್ಯಾನೇಜರು ಮಾವನಿಗೆ ಫೋನು ಮಾಡಿದರು. ಗಾಡಿ ಇಟ್ಟುಕೊಳ್ಳುತ್ತೀರೋ ವಾಪಸ್ಸು ಕಳಿಸುತ್ತೀರೋ ಎಂದರು. ಮಾವ ಫೋನನ್ನು ಸೊಸೆಗೆ ಕೊಟ್ಟರು.

"ಇವತ್ತು ಮುಂದೆ ಇದ್ದವಳು ನೀನು. ನೀನೇ ಹೇಳು."

ಸೊಸೆ ಫೋನು ಹಿಡಿದು ಗಾಡಿಯ ಹಿಂಬಾಗಿಲಿನ ಕಡೆ ನೋಡಿದಳು. ಲೆಕ್ಕ ಸರಳವಾಗಿತ್ತು. ಈ ಗಾಡಿ ಇರುವ ತನಕ ಮಾವ ಮುಂದಿನ ತುದಿಗೆ ಹೋಗುವ ಹಾಗಿಲ್ಲ, ಅವರ ಕಾಲೇ ಬಿಡುವುದಿಲ್ಲ. ಗಾಡಿ ಹೋದರೆ, ಕೈಯಿಂದ ಎತ್ತಿ ಹಾಕುವ ಸಾದಾ ಬಾಗಿಲಿನ ಮುಂದೆ ಆ ಕಾಲು ಎಷ್ಟು ಬೇಕಾದರೂ ತಡಕಾಡಬಹುದು. ಸೋಮವಾರ ಅವಳು ಮತ್ತೆ ಹಿಂದೆ. ಮಾವನಿಗೂ ಈ ಲೆಕ್ಕ ಗೊತ್ತಿತ್ತು, ಬೇರೆ ಕಡೆ ನೋಡುತ್ತಿದ್ದರು. ಅತ್ತೆಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿತ್ತು.

ಫೋನಿನಲ್ಲಿ ಮ್ಯಾನೇಜರು ಹಲೋ ಎಂದರು.

"ವಾಪಸ್ ತಗೊಂಡು ಹೋಗಿ," ಎಂದಳು ಸೊಸೆ. "ಗಾಜಿನ ಕೆಲಸಕ್ಕೆ ಈ ಗಾಡಿ ಆಗಲ್ಲ. ಬಾಗಿಲಿಗೆ ಗಾಜು ಕಾಣಿಸಲ್ಲ. ಇವತ್ತು ಒಡೀಲಿಲ್ಲ, ಮುಂದಿನ ತಿಂಗಳು ಒಡೆಯತ್ತೆ."

ಇದೇ ಗಾಡಿಯಲ್ಲಿ ಯಾವ ಅನುಕೂಲವೂ ಇಲ್ಲದ್ದು ಇದೆಯೇ ಎಂದು ಕೇಳಿದಳು. ಇದೆ, ಆದರೆ ಅದನ್ನು ಯಾರೂ ಕೇಳುವುದಿಲ್ಲ, ತರಿಸಲು ಮೂರು ವಾರ ಬೇಕು ಎಂದರು ಮ್ಯಾನೇಜರು. ಅವರ ದನಿಯಲ್ಲಿ ಮನೆಯ ಅಳಿಯನನ್ನು ಯಾರೋ ಹಳಿದ ಬೇಸರವಿತ್ತು. ತರಿಸಿ ಎಂದಳು. ಮೆಟ್ಟಿಲೂ ಬೇಡ ಎಂದು ಮಾವ ಪಕ್ಕದಿಂದ ಹೇಳಿದರು. ಮೆಟ್ಟಿಲೂ ಬೇಡ ಎಂದಳು.

ಫೋನು ಇಟ್ಟ ಮೇಲೆ ಸೊಸೆ ಹಿಂದಿನ ಸೀಟಿನಿಂದ ಪುಟ್ಟಿ ಡಬ್ಬಿ ಇಳಿಸಿದಳು, ರಬ್ಬರ್ ಹಿಡಿಕೆಗಳನ್ನು ಗೋಡೆಗೆ ನೇತುಹಾಕಿದಳು. ಮಾವ ಬಾಡಿಗೆ ವ್ಯಾನಿನವನಿಗೆ ಫೋನು ಮಾಡಿ ಸೋಮವಾರ ಎಂಟಕ್ಕೆ ಬರಹೇಳಿದರು. ಆಮೇಲೆ ಸೋಮವಾರದ ಕೆಲಸದ ಚೀಟಿಯನ್ನು ತೆಗೆದು ಓದಿದರು. ಶಾಲೆಯೊಂದರ ಮೂರನೇ ಮಹಡಿ, ಆರು ಗಾಜು, ಲಿಫ್ಟ್ ಇಲ್ಲ. ಇದನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎಂದು ಶಾಲೆಯವರು ಉತ್ತರ ಕಾಯುತ್ತಿದ್ದರು. ಮಾವ ಚೀಟಿಯನ್ನು ಸೊಸೆಯ ಮುಂದೆ ಮೇಜಿನ ಮೇಲಿಟ್ಟರು.

"ನೋಡಿ ಹೇಳು. ಒಪ್ಕೊಂಡ್ರೆ ಮೆಟ್ಟಿಲ ತಿರುವಿನಲ್ಲಿ ಹುಷಾರಾಗಿರಬೇಕು, ಮುಂದಿರೋರಿಗೆ ಗೋಡೆ ಕಾಣಲ್ಲ." ಚೀಟಿಯನ್ನು ಬೆರಳಿನಿಂದ ಇನ್ನಷ್ಟು ಅವಳ ಕಡೆ ತಳ್ಳಿ ಸೇರಿಸಿದರು, "ಆಮೇಲೆ, ಮಾತು ಸ್ವಲ್ಪ ಕಮ್ಮಿ ಮಾಡು. ನಾನು ಮುಂದೆ ಇದ್ದಾಗ ಇಷ್ಟೊಂದು ಮಾತಾಡ್ತಿರಲಿಲ್ಲ."

ಅತ್ತೆ ಮೇಜಿನ ಮೇಲಿನ ಗಾಜಿಗೆ ಅಡ್ಡಪಟ್ಟಿ ಇಟ್ಟು ಗೀರು ಎಳೆದರು, ಎರಡು ಬೆರಳಿನಿಂದ ತಟ್ಟಿ ತುಂಡು ಮಾಡಿದರು.

"ಇಪ್ಪತ್ತೇಳು ವರ್ಷ ಕೇಳಿಸ್ಕೊಂಡವಳು ಇಲ್ಲೇ ಕೂತಿದೀನಿ," ಎಂದರು.

ಸೊಸೆ ಚೀಟಿಯನ್ನು ಎರಡು ಸಲ ಓದಿದಳು. ಆಮೇಲೆ ಶಾಲೆಗೆ ಫೋನು ಮಾಡಿ, ಮೆಟ್ಟಿಲ ತಿರುವಿನ ಅಗಲ ಎಷ್ಟು ಎಂದು ಕೇಳಿದಳು.